ಹೆಗ್ಗಣದ ಪರವಾಗಿ ಯಾರೂ ಬಟ್ಟೆ ಕಳಚಲಿಲ್ಲ

ಪ್ರಾಣಿಹಕ್ಕುಗಳ ಸಂಘಟನೆಯಾದ ಪೆಟಾ 2010ರಲ್ಲಿ ಹೊರತಂದ ಒಂದು ಜಾಹೀರಾತನ್ನು ಪೂರ್ಣ ಗಾಂಭೀರ್ಯದಿಂದ ಪರಿಶೀಲಿಸಬೇಕೆಂದು ಹೊರಟಿದ್ದೇನೆ. ಆ ಗಾಂಭೀರ್ಯ ಕೊನೆಯವರೆಗೂ ಉಳಿದೀತೆಂಬ ಭರವಸೆಯನ್ನು ಮಾತ್ರ ಕೊಡಲಾರೆ. ಚಿತ್ರದಲ್ಲಿ ನಟಿ ಪಮೇಲಾ ಆಂಡರ್ಸನ್ ಈಜುಡುಗೆಯಲ್ಲಿದ್ದಾರೆ. ಕಟುಕರ ಅಂಗಡಿಗಳಲ್ಲಿ ದನದ ಚಿತ್ರಕ್ಕೆ ಗೆರೆ ಎಳೆದು ಪಾಲು ಮಾಡಿ ತೂಗುಹಾಕುತ್ತಾರಲ್ಲ, ಅದೇ ಕ್ರಮದಲ್ಲಿ ಅವರ ಮೈಮೇಲೆಲ್ಲ ಗೆರೆಗಳನ್ನು ಎಳೆದು, ಒಂದೊಂದು ಭಾಗಕ್ಕೂ ಎದೆ, ಪಕ್ಕೆಲುಬು, ಪೃಷ್ಠ ಎಂದು ಮಾಂಸದ ವ್ಯಾಪಾರದವರು ಇಡುವ ಹೆಸರುಗಳನ್ನೇ ಬರೆದಿದ್ದಾರೆ. ಎಲ್ಲ ಪ್ರಾಣಿಗಳಿಗೂ ಇರುವುದು ಇವೇ ಭಾಗಗಳು ಎಂಬುದು ಚಿತ್ರದೊಂದಿಗಿನ ಘೋಷವಾಕ್ಯ.

ಪ್ರಾಣಿಗಳ ಕುರಿತಾದ ಜಾಹೀರಾತನ್ನು ವಿಶ್ಲೇಷಿಸುವವನ ಮೊದಲ ಕರ್ತವ್ಯ ಅದರಲ್ಲಿ ಪ್ರಾಣಿ ಎಲ್ಲಿದೆ ಎಂದು ಹುಡುಕುವುದು. ನಾನು ಹುಡುಕಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಹಿನ್ನೆಲೆಯಲ್ಲಿ ಎಲ್ಲಾದರೂ ಮಸುಕಾಗಿ ಒಂದು ಕೋಳಿಯಾದರೂ ನಿಂತಿದೆಯೇ ಎಂದು ನೋಡಿದೆ. ಇಲ್ಲ. ಯಾರ ಹಕ್ಕಿನ ಬಗ್ಗೆ ಮಾತು ನಡೆದಿದೆಯೋ ಅವರೊಬ್ಬರನ್ನು ಬಿಟ್ಟು ಉಳಿದ ಎಲ್ಲ ಏರ್ಪಾಡೂ ಚಿತ್ರದಲ್ಲಿದೆ. ಇನ್ನು ಘೋಷವಾಕ್ಯವನ್ನು ಶಬ್ದಶಃ ನಂಬಿದರೆ ಪ್ರಾಣಿಶಾಸ್ತ್ರಕ್ಕೆ ದೊಡ್ಡ ಪೆಟ್ಟೇ ಬೀಳುತ್ತದೆ: ಬಸವನಹುಳುವಿಗೆ ಪಕ್ಕೆಲುಬಿಲ್ಲ, ಮೀನಿಗೆ ಪೃಷ್ಠವಿಲ್ಲ, ಜೆಲ್ಲಿ ಮೀನಿಗೆ ಈ ಪಟ್ಟಿಯಲ್ಲಿರುವ ಯಾವುದೂ ಇಲ್ಲ. ಈ ಭಾಗಗಳು ಇಲ್ಲದವರನ್ನು ತಿನ್ನಬಹುದೇ ಎಂಬ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರವಿಲ್ಲ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಆ ಗೆರೆಗಳು. ಜೀವವಿರುವ ಮೈಯನ್ನು ಬಿಡಿಭಾಗಗಳ ಪಟ್ಟಿಯಾಗಿ ನೋಡುವುದು ತಪ್ಪು ಎಂದು ಹೇಳಬಯಸಿದ ಜಾಹೀರಾತು, ಜೀವವಿರುವ ಒಂದು ಮೈಯನ್ನು ಬಿಡಿಭಾಗಗಳ ಪಟ್ಟಿಯಾಗಿ ಮಾಡಿ, ನೋಡಿ ಎಂದು ನಮ್ಮ ಮುಂದಿಟ್ಟಿದೆ. ನೋಡುಗನು ಅದನ್ನು ಕಂಡು ಬೆಚ್ಚಬೇಕು ಎಂಬುದು ಉದ್ದೇಶ. ಬೆಚ್ಚಲಿ ಎಂದೇ ಬಯಸಿದ್ದರೆ ಅಷ್ಟು ಚೆಂದದ ಬೆಳಕು, ಅಷ್ಟು ಒಪ್ಪವಾದ ಕೇಶಾಲಂಕಾರ, ಬಾ ಎಂದು ಕರೆಯುವಂಥ ಆ ನೋಟ ಯಾಕೆ ಬೇಕಿತ್ತು ಎಂದು ಕೇಳಿದರೆ, ಗಮನ ಸೆಳೆಯುವುದಕ್ಕೆ ಎನ್ನುತ್ತಾರೆ. ಗಮನ ಸೆಳೆಯಿತು, ನಿಜ. ಸೆಳೆದ ಗಮನ ಪಕ್ಕೆಲುಬಿನ ಗೆರೆಯನ್ನು ದಾಟಿ ಸಸ್ಯಾಹಾರದವರೆಗೆ ನಡೆದುಹೋಯಿತೇ ಎಂಬುದು ಬೇರೆ ಮಾತು. ಮಾಂಟ್ರಿಯಲ್ ನಗರದ ಅಧಿಕಾರಿಗಳು, ಇದು ಸ್ತ್ರೀ ಪುರುಷ ಸಮಾನತೆಯ ತತ್ತ್ವಕ್ಕೆ ವಿರುದ್ಧವಾಗಿದೆ ಎಂದು ಅದರ ಸಾರ್ವಜನಿಕ ಬಿಡುಗಡೆಗೆ ಅನುಮತಿ ನಿರಾಕರಿಸಿದರು. ಹಾಗಾಗಿ ಹಸುವಿನ ಪರವಾಗಿ ಆರಂಭವಾದ ಸಂವಾದವು ಹೆಣ್ಣಿನ ಮೈಯನ್ನು ಕುರಿತ ವಾದವಾಗಿ ಮುಂದುವರಿಯಿತು. ಹಸುವನ್ನು ಯಾರೂ ಮತ್ತೆ ಒಳಗೆ ಕರೆಯಲಿಲ್ಲ.

ಇದೇ ಸಂಘಟನೆ 1990ರ ದಶಕದ ಆರಂಭದಿಂದ 2020ರವರೆಗೆ ನಡೆಸಿದ ಇನ್ನೊಂದು ಪ್ರಚಾರದ ತರ್ಕ ಇದಕ್ಕಿಂತಲೂ ಸರಳ. ತುಪ್ಪಳದ ಕೋಟು ತೊಡುವುದಕ್ಕಿಂತ ಬೆತ್ತಲೆಯಾಗಿರುವುದೇ ಮೇಲು ಎಂದು ಖ್ಯಾತನಾಮರು ಒಬ್ಬರಾದ ಮೇಲೊಬ್ಬರು ಬಟ್ಟೆ ಕಳಚಿ ನಿಂತರು. ತುಪ್ಪಳಕ್ಕೂ ಬೆತ್ತಲೆಗೂ ನಡುವೆ ಹತ್ತಿ ಎಂಬ ಬೆಳೆಯೊಂದಿದೆ, ಅದರಿಂದ ನೂಲು ತೆಗೆಯುತ್ತಾರೆ, ಆ ನೂಲಿನಿಂದ ನೇಯ್ದ ಬಟ್ಟೆಯನ್ನು ಮನುಷ್ಯರು ಸಾವಿರಾರು ವರ್ಷಗಳಿಂದ ಯಾವ ಪ್ರಾಣಿಯ ಶಾಪವೂ ತಟ್ಟದಂತೆ ತೊಟ್ಟುಕೊಂಡು ಬಂದಿದ್ದಾರೆ ಎಂಬ ಸಂಗತಿಯನ್ನು ಮೂವತ್ತು ವರ್ಷಗಳಲ್ಲಿ ಯಾರಾದರೂ ಆ ಛಾಯಾಗ್ರಹಣದ ಕೊಠಡಿಯಲ್ಲಿ ಪ್ರಸ್ತಾಪಿಸಿದ್ದರೆ ಪ್ರಚಾರ ಅಲ್ಲಿಗೇ ನಿಂತುಹೋಗುತ್ತಿತ್ತು. ಅಂಗಿ ತೊಟ್ಟವರ ಪ್ರತಿಜ್ಞೆಯನ್ನು ಯಾರು ತಾನೇ ತಿರುಗಿ ನೋಡುತ್ತಾರೆ? 1994ರಲ್ಲಿ ಇಂಥ ಒಂದು ಚಿತ್ರದಲ್ಲಿ ನಿಂತಿದ್ದ ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ 1997ರಲ್ಲಿ ಮಿಲಾನ್ ನಗರದ ಫ್ಯಾಷನ್ ವೇದಿಕೆಯಲ್ಲಿ ತುಪ್ಪಳ ತೊಟ್ಟು ನಡೆದರು. ತೊಡುವುದೂ ಕಳಚುವುದೂ ವೃತ್ತಿಯಾಗಿರುವವರಿಂದ ಕಳಚಿದ್ದನ್ನು ಮತ್ತೆ ತೊಡುವುದಿಲ್ಲ ಎಂಬ ವ್ರತವನ್ನು ನಿರೀಕ್ಷಿಸಿದ್ದೇ ತಪ್ಪು.

ಈ ವಿಧಾನ ಫಲ ಕೊಡುತ್ತದೆಯೇ ಎಂದು ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಹೆಣ್ಣನ್ನು ಕಾಮದ ವಸ್ತುವಾಗಿ ತೋರಿಸುವ ಜಾಹೀರಾತನ್ನು ನೋಡಿದ ಗಂಡಸರಲ್ಲಿ ಪ್ರಾಣಿಹಕ್ಕಿನ ಸಂಘಟನೆಯನ್ನು ಬೆಂಬಲಿಸುವ ಇಚ್ಛೆ ಹೆಚ್ಚುವುದರ ಬದಲು ಕಡಿಮೆಯಾಯಿತು. ಚಿತ್ರದಲ್ಲಿರುವ ಹೆಣ್ಣನ್ನು ಅವರು ಪೂರ್ಣ ಮನುಷ್ಯಳೆಂದು ಎಣಿಸದೇ ಹೋದದ್ದಕ್ಕೂ ಇದಕ್ಕೂ ನಂಟಿತ್ತು. ಪ್ರಾಣಿಯನ್ನು ಮನುಷ್ಯರ ಮಟ್ಟಕ್ಕೆ ಏರಿಸಲು ಹಾಕಿದ ಏಣಿಯಲ್ಲಿ ಪ್ರಾಣಿ ಇದ್ದಲ್ಲೇ ಉಳಿದು, ಮನುಷ್ಯಳೊಬ್ಬಳು ಕೆಳಗಿಳಿದಳು. ಸಮಾನತೆ ಎಂಬುದು ಹೀಗೂ ಬರಬಹುದೆಂದು ನಾನು ಊಹಿಸಿರಲಿಲ್ಲ.

ಹೆಣ್ಣಿನ ಮೈಯನ್ನು ಬದಿಗಿಟ್ಟು ನಿಜವಾದ ಪ್ರಾಣಿಯನ್ನೇ ಚಿತ್ರದಲ್ಲಿ ಕೂರಿಸಿದಾಗಲಾದರೂ ನ್ಯಾಯ ಸಿಗುತ್ತದೆಯೇ ಎಂದು ನೋಡಿದರೆ, ಅಲ್ಲಿ ಬಾಗಿಲಲ್ಲೇ ಒಂದು ಪ್ರವೇಶ ಪರೀಕ್ಷೆ ಇದೆ. ದೊಡ್ಡ ತಲೆ, ಅಗಲವಾದ ಕಣ್ಣು, ಉಬ್ಬಿದ ಕೆನ್ನೆ, ತುಂಡು ಕೈಕಾಲು ಇದ್ದರೆ ಅದು ಶಿಶುವೆಂದು ಬಗೆದು ಮನುಷ್ಯರ ಮನಸ್ಸು ತಾನಾಗಿ ಕರಗುತ್ತದೆ ಎಂದು ಕೊನ್ರಾಡ್ ಲೊರೆನ್ಝ್ 1943ರಲ್ಲೇ ಬರೆದಿದ್ದರು. ಅವರು ಬರೆದದ್ದು ಪ್ರಾಣಿವರ್ತನೆಯ ಶಾಸ್ತ್ರ. ಜಾಹೀರಾತಿನವರು ಓದಿಕೊಂಡದ್ದು ಅರ್ಹತೆಯ ಪಟ್ಟಿ. (ವನ್ಯಜೀವಿ ಸಂರಕ್ಷಣೆಯ ಜಾಗತಿಕ ನಿಧಿಯೊಂದು 1961ರಲ್ಲಿ ಪಾಂಡಾವನ್ನು ತನ್ನ ಲಾಂಛನವಾಗಿ ಆರಿಸಿಕೊಂಡಾಗ, ಕಪ್ಪುಬಿಳುಪಿನ ಪ್ರಾಣಿಯಾದರೆ ಮುದ್ರಣದ ಖರ್ಚು ಉಳಿಯುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. ನವಿಲಿನ ದುರದೃಷ್ಟ.)

ಹಾರ್ಪ್ ಸೀಲ್ ಎಂಬ ಕಡಲಪ್ರಾಣಿಯ ಮರಿ ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಯಿತು. ಹಿಮದಂಥ ಬಿಳಿ ತುಪ್ಪಳ, ಅದರಲ್ಲಿ ಎರಡು ಕಪ್ಪು ಕಣ್ಣು, ಆ ಕಣ್ಣುಗಳಲ್ಲಿ ಸದಾ ನೀರು. 1977ರಲ್ಲಿ ನಟಿ ಬ್ರಿಜಿಟ್ ಬಾರ್ಡೊ ಕೆನಡಾದ ಮಂಜುಗಡ್ಡೆಯ ಮೇಲೆ ಅಂಥ ಮರಿಯೊಂದಿಗೆ ತೆಗೆಸಿಕೊಂಡ ಚಿತ್ರ ಜಗತ್ತನ್ನೆಲ್ಲ ಸುತ್ತಿತು. 1983ರಲ್ಲಿ ಯುರೋಪು ಬಿಳಿ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. 1987ರಲ್ಲಿ ಕೆನಡಾ ಬಿಳಿ ಮರಿಗಳ ವಾಣಿಜ್ಯ ಬೇಟೆಯನ್ನೇ ನಿಲ್ಲಿಸಿತು. ಇದನ್ನು ಚಿತ್ರದ ಜಯವೆಂದು ಕರೆಯುವುದು ರೂಢಿ, ನಾನೂ ಕರೆಯುತ್ತೇನೆ, ಏಕೆಂದರೆ ಗೆದ್ದದ್ದು ಚಿತ್ರವೇ. ಆ ಮರಿಯ ಬಿಳಿ ತುಪ್ಪಳವು ಹುಟ್ಟಿದ ಸುಮಾರು ಎರಡು ವಾರಕ್ಕೆ ಉದುರಲು ಆರಂಭಿಸುತ್ತದೆ. ಅದು ಉದುರಿ ಬೂದುಬಣ್ಣಕ್ಕೆ ತಿರುಗಿದ ಮೇಲೆ ಬೇಟೆಗೆ ಆ ನಿಷೇಧದ ಅಡ್ಡಿಯಿಲ್ಲ. ಅಂದರೆ ಕಾನೂನು ರಕ್ಷಿಸಿದ್ದು ಸೀಲ್ ಎಂಬ ಜೀವವನ್ನಲ್ಲ, ಬಿಳುಪನ್ನು. ಮರಿಗೆ ಬದುಕುವ ಹಕ್ಕು ದೊರೆತದ್ದು ಅದು ಫೋಟೋದಲ್ಲಿ ಚೆನ್ನಾಗಿ ಕಾಣುವಷ್ಟು ದಿನ. ಬಣ್ಣ ಮಾಸಿದ ದಿನ ಹಕ್ಕಿನ ಅವಧಿಯೂ ಮುಗಿಯಿತು. ಇಷ್ಟಾದರೂ ಭಿತ್ತಿಪತ್ರಗಳಲ್ಲಿ ಇಂದಿಗೂ ಅತ್ತುಕೊಂಡು ಕೂತಿರುವುದು ಆ ಬಿಳಿಯ ಮರಿಯೇ; ಈಗ ಬಡಿಗೆಗೆ ಸಿಕ್ಕುತ್ತಿರುವ ಬೂದುಬಣ್ಣದ ಅಣ್ಣನ ಚಿತ್ರವನ್ನು ಹಾಕಿದರೆ ದೇಣಿಗೆ ಕಡಿಮೆ ಬಂದೀತೆಂಬ ಅಳುಕು ಅದಕ್ಕೆ ಕಾರಣವಿರಬೇಕು.

ಮೀನಿನದು ಇನ್ನೂ ಕಷ್ಟ. ಅದಕ್ಕೆ ರೆಪ್ಪೆಯಿಲ್ಲ, ಅಳಲು ಬಾರದು, ಮುಖದಲ್ಲಿ ಯಾವ ಭಾವವೂ ನಿಲ್ಲುವುದಿಲ್ಲ. 2008ರಲ್ಲಿ ಪೆಟಾ ಇದಕ್ಕೊಂದು ಪರಿಹಾರ ಕಂಡುಕೊಂಡಿತು: ಇನ್ನು ಮೇಲೆ ಮೀನನ್ನು ಮೀನೆನ್ನದೆ ಕಡಲ ಬೆಕ್ಕಿನಮರಿ ಎನ್ನತಕ್ಕದ್ದು. ಬೆಕ್ಕಿನಮರಿ ಎಂದ ಮೇಲೆ ಯಾರು ತಾನೇ ಅದರ ಬಾಯಿಗೆ ಗಾಳದ ಕೊಕ್ಕೆ ಸಿಗಿಸುತ್ತಾರೆ? ನಾಮಕರಣದ ಉದ್ದೇಶ ಒಳ್ಳೆಯದೇ. ಆದರೆ ಜಗತ್ತಿನ ಅಷ್ಟೂ ಮುದ್ದು ಪ್ರಾಣಿಗಳಲ್ಲಿ, ಮೀನನ್ನು ಕಂಡರೆ ಮೀಸೆ ನೆಕ್ಕಿಕೊಳ್ಳುವ ಪ್ರಾಣಿಯ ಹೆಸರನ್ನೇ ಹುಡುಕಿ ತಂದು ಮೀನಿಗೆ ಇಟ್ಟರಲ್ಲ, ಆ ಸಭೆಯಲ್ಲಿ ಒಂದು ಮೀನಿಗೆ ಮತದಾನದ ಅವಕಾಶವಿದ್ದಿದ್ದರೆ ಈ ಗೊತ್ತುವಳಿ ಪಾಸಾಗುತ್ತಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಲ್ಲಿ ಹೆಗ್ಗಣದ ಸ್ಥಿತಿಗತಿ ಪೂರ್ತಿಯಾಗಿ ಬಂದಿದೆ: ಹೆತ್ತವರ ಹೊರತು ಅದಕ್ಕೆ ಬೇರೆ ಯಾರೂ ಇಲ್ಲ. ಅದರ ಪರವಾಗಿ ಯಾವ ನಟಿಯೂ ಬಟ್ಟೆ ಕಳಚಲಿಲ್ಲ, ಯಾವ ಗಾಯಕಿಯೂ ಹಿನ್ನೆಲೆಯಲ್ಲಿ ಹಾಡಲಿಲ್ಲ. ಅದರ ಸಣ್ಣ ದಾಯಾದಿಯಾದ ಇಲಿಯ ಗತಿಯನ್ನು ನೋಡಿ. ಔಷಧ ವಿಜ್ಞಾನದ ಭಾರವನ್ನು ಬೆನ್ನಮೇಲೆ ಹೊತ್ತಿರುವ ಪ್ರಾಣಿ ಅದು. ಆದರೆ ಅಮೆರಿಕದ ಸಂಸತ್ತು 2002ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಪ್ರಯೋಗಕ್ಕೆಂದೇ ಬೆಳೆಸಿದ ಇಲಿಗಳೂ ಹಕ್ಕಿಗಳೂ ಆ ದೇಶದ ಪ್ರಾಣಿ ಕಲ್ಯಾಣ ಕಾಯಿದೆಯಲ್ಲಿರುವ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಯಿಂದಲೇ ಹೊರಗೆ. ಕಲ್ಯಾಣ ಮಾಡುವುದಕ್ಕೆ ಮೊದಲು ಪ್ರಾಣಿಯಾಗಿರಬೇಕು, ಪ್ರಾಣಿಯಾಗಲು ಇಲಿಯಾಗಿರಬಾರದು. ಇಲಿಗೂ ಕಡಲ ಬೆಕ್ಕಿನಮರಿಯಂಥ ಹೊಸ ಹೆಸರೊಂದನ್ನು ಯಾರಾದರೂ ಸೂಚಿಸಿದರೆ ಕಾಯಿದೆಯ ಒಳಕ್ಕೆ ಬರಬಹುದೇನೋ, ಬೆಕ್ಕು ಒಂದನ್ನು ಬಿಟ್ಟು.

ಎದುರು ಪಕ್ಷದವರೇನೂ ಸಾಚಾ ಅಲ್ಲ. 1920ರ ದಶಕದಿಂದಲೂ ಫ್ರಾನ್ಸಿನ ಒಂದು ಚೀಸಿನ ಡಬ್ಬಿಯ ಮೇಲೆ ಕೆಂಪು ಹಸುವೊಂದು ಹಲ್ಲು ಕಿರಿದು ನಗುತ್ತಲೇ ಇದೆ. ತನ್ನ ಕೆಚ್ಚಲಿನದನ್ನು ಕರೆದುಕೊಂಡವರನ್ನು ಕಂಡು ಅದಕ್ಕೆ ಯಾಕಿಷ್ಟು ಸಂತೋಷವೋ ತಿಳಿಯದು. ಕ್ಯಾಲಿಫೋರ್ನಿಯಾದ ಹಾಲು ಉತ್ಪಾದಕರ ಸಲಹಾ ಮಂಡಳಿಯು, ಒಳ್ಳೆಯ ಚೀಸು ಸುಖಿಯಾದ ಹಸುಗಳಿಂದ ಬರುತ್ತದೆ, ಆ ಸುಖಿ ಹಸುಗಳು ನಮ್ಮಲ್ಲಿವೆ ಎಂದು ಹಸಿರು ಹುಲ್ಲುಗಾವಲಿನಲ್ಲಿ ಹರಟುವ ಹಸುಗಳನ್ನು ತೋರಿಸಿತು. ಇದು ಸುಳ್ಳು ಜಾಹೀರಾತು ಎಂದು ಪೆಟಾ 2002ರಲ್ಲಿ ದಾವೆ ಹೂಡಿತು. ಹಸುವಿನ ಸುಖದುಃಖವನ್ನು ನ್ಯಾಯಾಲಯ ಹೇಗೆ ಅಳೆದೀತೆಂಬ ಕುತೂಹಲ ನನಗಿತ್ತು. ನ್ಯಾಯಾಲಯ ಆ ಗೋಜಿಗೇ ಹೋಗಲಿಲ್ಲ. ಮಂಡಳಿಯು ಸರ್ಕಾರಿ ಸ್ವರೂಪದ ಸಂಸ್ಥೆ, ಆ ಕಾನೂನಿನ ಅರ್ಥದಲ್ಲಿ ಅದು ‘ವ್ಯಕ್ತಿ’ಯಲ್ಲ, ಆದ್ದರಿಂದ ದಾವೆ ನಿಲ್ಲದು ಎಂದಿತು, 2005ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಹಸುವನ್ನು ವ್ಯಕ್ತಿಯೆಂದು ಒಪ್ಪಬೇಕೆಂಬ ಚಳವಳಿ ಕೋರ್ಟಿಗೆ ಹೋಗಿ, ಹಾಲು ಮಂಡಳಿಯೂ ವ್ಯಕ್ತಿಯಲ್ಲ ಎಂಬ ತೀರ್ಪನ್ನು ಹೊತ್ತುಕೊಂಡು ಬಂತು.

ನಗಲಾಗದ ಒಂದು ಅಧ್ಯಾಯವೂ ಇದೆ. 2003ರಲ್ಲಿ ಇದೇ ಸಂಘಟನೆ ನಾಝಿ ಯಾತನಾ ಶಿಬಿರಗಳ ಕೈದಿಗಳ ಛಾಯಾಚಿತ್ರಗಳನ್ನೂ ಸಾಕಣೆ ಕೇಂದ್ರಗಳ ಪ್ರಾಣಿಗಳ ಛಾಯಾಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಊರೂರಿಗೆ ಒಯ್ದಿತು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಡುವೆ ಸಮಚಿಹ್ನೆಯನ್ನು ನೋಡುಗನೇ ಹಾಕಿಕೊಳ್ಳುತ್ತಾನೆ ಎಂಬುದು ಚಿತ್ರಗಳ ವಾಕ್ಚಾತುರ್ಯದಲ್ಲಿ ಅತ್ಯಂತ ಹಳೆಯ ಉಪಾಯ. ಬಾಯಿಬಿಟ್ಟು ಹೇಳದೆಯೇ ಹೇಳಿದ ಲಾಭ ಅದರಲ್ಲಿದೆ. ಬದುಕಿ ಉಳಿದವರನ್ನು ಅದು ಎಷ್ಟು ನೋಯಿಸಿತೆಂದರೆ 2005ರಲ್ಲಿ ಸಂಘಟನೆಯ ಮುಖ್ಯಸ್ಥೆ ಇಂಗ್ರಿಡ್ ನ್ಯೂಕರ್ಕ್ ಕ್ಷಮೆ ಕೇಳಬೇಕಾಯಿತು. ಜರ್ಮನಿಯ ನ್ಯಾಯಾಲಯಗಳು ಆ ಚಿತ್ರಗಳಿಗೆ ಹಾಕಿದ ತಡೆಯನ್ನು 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಸರಿಯೆಂದಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ಇಲ್ಲಿ ತಳ್ಳಿದ್ದು ಆಗಲೇ ಒಮ್ಮೆ ಮುಳುಗಿ ಸತ್ತವರನ್ನು.

ಇಷ್ಟೆಲ್ಲ ಬರೆದದ್ದರಿಂದ ಪಂಜರದ ಕೋಳಿಗೆ ಕಷ್ಟವೇ ಇಲ್ಲ ಎಂದು ನಾನು ವಾದಿಸುತ್ತಿರುವಂತೆ ಕಂಡರೆ ಅದು ನನ್ನ ಬರವಣಿಗೆಯ ದೋಷ. ಯುರೋಪಿನ 1999ರ ನಿರ್ದೇಶನವು ಸಾದಾ ಪಂಜರದ ಮೊಟ್ಟೆಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕೆಂದಿತು. ಅದು ಆ ಕಾಲದ ಉದಾರ ಸುಧಾರಣೆ, ಅಂಥ ಪಂಜರಗಳು ಅಲ್ಲಿ ನಿಷೇಧವಾದದ್ದು 2012ರಲ್ಲಿ. ಕಚೇರಿಗಳಲ್ಲಿ ಬಳಸುವ ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಹಾಗಾದರೆ ಎ4 ಹಾಳೆಯ ಒಂದು ಅಂಚನ್ನು ಎರಡು ಬೆರಳಿನಷ್ಟು ಕತ್ತರಿಸಿ, ಖಾಲಿ ಹಾಳೆಯನ್ನು ಗೋಡೆಗೆ ಅಂಟಿಸಿ, ಕೆಳಗೆ ‘ಒಂದು ಕೋಳಿ, ಇಡೀ ಆಯುಷ್ಯ’ ಎಂದು ಬರೆದರೆ ಸಾಕಲ್ಲವೇ? ಯಾವುದೇ ಜಾಹೀರಾತು ಕಂಪನಿಯ ಮುಂದೆ ಈ ಸಲಹೆ ಇಟ್ಟರೆ ಏನು ಉತ್ತರ ಬಂದೀತೆಂದು ನಾನು ಊಹಿಸಬಲ್ಲೆ: ಹಾಳೆಗೆ ಕಣ್ಣಿಲ್ಲವಲ್ಲ ಸರ್, ಯಾರು ನೋಡುತ್ತಾರೆ?

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಮೊದಲ ಸಂಘ ಲಂಡನ್ನಿನಲ್ಲಿ ಹುಟ್ಟಿದ್ದು 1824ರಲ್ಲಿ. ಅದಕ್ಕೂ ಎಪ್ಪತ್ತಮೂರು ವರ್ಷ ಮೊದಲು, 1751ರಲ್ಲಿ, ವಿಲಿಯಂ ಹೊಗಾರ್ತ್ ಎಂಬ ಚಿತ್ರಕಾರ ಅದೇ ಊರಿನ ಬೀದಿಗಳಲ್ಲಿ ಪ್ರಾಣಿಗಳು ಪಡುವ ಪಾಡನ್ನು ಕಂಡು ನಾಲ್ಕು ಚಿತ್ರಗಳನ್ನು ಕೆತ್ತಿ, ಬಡವರ ಕೈಗೂ ಎಟಕಲಿ ಎಂದು ಕಡಿಮೆ ಬೆಲೆಗೆ ಅಚ್ಚು ಹಾಕಿಸಿದ. ಮೊದಲ ಚಿತ್ರದಲ್ಲಿ ನಾಯಿಯನ್ನು ಹಿಂಸಿಸುವ ಹುಡುಗ ಕೊನೆಯ ಚಿತ್ರದ ಹೊತ್ತಿಗೆ ಕೊಲೆಗಾರನಾಗಿ ಗಲ್ಲಿಗೇರಿ, ವೈದ್ಯರ ಮೇಜಿನ ಮೇಲೆ ಹೆಣವಾಗಿ ಮಲಗಿದ್ದಾನೆ. ಅಲ್ಲೂ ಮನುಷ್ಯನ ಮೈಯನ್ನು ಭಾಗ ಭಾಗವಾಗಿ ಬಿಡಿಸುತ್ತಿದ್ದಾರೆ, ಆದರೆ ಗೆರೆ ಎಳೆದಲ್ಲ, ಕತ್ತಿ ಹಿಡಿದು. ಸೂಕ್ಷ್ಮವೇನೂ ಅಲ್ಲದ ಚಿತ್ರ. ನೀತಿಯನ್ನು ನೆತ್ತಿಯ ಮೇಲೆ ಕುಟ್ಟಿ ಹೇಳುತ್ತದೆ. ಆದರೆ ಪ್ರಾಣಿ ಎಲ್ಲಿದೆ ಎಂದು ಅದರಲ್ಲಿ ಹುಡುಕಬೇಕಾಗಿಲ್ಲ. ಮೇಜಿನ ಕೆಳಗೆ ಒಂದು ನಾಯಿ ಇದೆ. ಅದು ಕಣ್ಣು ಅರಳಿಸಿ ನಮ್ಮತ್ತ ನೋಡುತ್ತಿಲ್ಲ, ಅಳುತ್ತಿಲ್ಲ, ನಗುತ್ತಲೂ ಇಲ್ಲ. ಕೆಳಗೆ ಬಿದ್ದಿರುವ ಅವನ ಹೃದಯಕ್ಕೆ ಬಾಯಿ ಹಾಕಿದೆ.