ಪರ-ವಿರೋಧ: ಊರಿನ ಅರಿವನ್ನು ದಾಖಲೆಗೆ ಇಳಿಸಿದರೆ ಕಾಡು ಉಳಿದೀತೇ?

ತುಳುನಾಡಿನ ಮರಗಿಡ, ಬಳ್ಳಿ, ಬನಗಳ ಕುರಿತ ಪಾರಂಪರಿಕ ಜ್ಞಾನವನ್ನು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಸಂರಕ್ಷಣೆಗೆ ಸರಿಯಾದ ದಾರಿಯೇ?

ಪರ

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡುವ ಪದ್ಧತಿ ಉಡುಪಿ, ಮಂಗಳೂರು ಸುತ್ತಿನ ಮನೆಗಳಲ್ಲಿ ಇಂದಿಗೂ ಇದೆ. ಮರವನ್ನು ಹಿಂದಿನ ಹಗಲೇ ಗುರುತಿಸಿ ಬರುವ ರೂಢಿಗೆ ಬಲವಾದ ಕಾರಣವೂ ಇದೆ: ಕತ್ತಲಲ್ಲಿ ಕಣ್ತಪ್ಪಿ ಕಾಸರಕವೆಂಬ ವಿಷದ ಮರದ ತೊಗಟೆ ಸೇರಿದರೆ ಕಷಾಯವೇ ಪ್ರಾಣಕ್ಕೆ ಎರವಾಗುತ್ತದೆ. ಒಂದೇ ಗೆಣ್ಣಿನ ಸುತ್ತ ಏಳೆಂಟು ಎಲೆ ಬಿಡುವ, ಗೀರಿದರೆ ಹಾಲು ಸುರಿಸುವ ಮರವೇ ಹಾಲೆ ಎಂದು ತೋರಿಸಿಕೊಡುವ ಅಜ್ಜ-ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ. ಮೊಮ್ಮಕ್ಕಳು ಬೆಂಗಳೂರು, ದುಬೈ ಸೇರಿದ್ದಾರೆ. ಗುರುತು ಬಲ್ಲವರೇ ಇಲ್ಲದ ಊರಿನಲ್ಲಿ ಆ ಮರ ಉರುಳಿದರೂ ಕೇಳುವವರಿರುವುದಿಲ್ಲ.

ದಾಖಲೆಗೆ ಇನ್ನೊಂದು ಬಲವೂ ಇದೆ. ಗಾಯ ಮಾಯಿಸುವ ಅರಸಿನದ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ರದ್ದಾದದ್ದು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಬರಹಗಳನ್ನು ಸಾಕ್ಷಿಯಾಗಿ ಮುಂದಿಟ್ಟದ್ದರಿಂದ. ಬಾಯಿಂದ ಬಾಯಿಗೆ ತುಳುವಿನಲ್ಲಿ ಹರಿದುಬಂದ ಅರಿವಿಗೆ ಅಂಥ ಸಾಕ್ಷಿ ಒದಗಿಸಲು ಈ ದಾಖಲಾತಿಯನ್ನು ಸಿದ್ಧಪಡಿಸುವ, 2002ರ ಜೈವಿಕ ವೈವಿಧ್ಯ ಕಾಯ್ದೆಯ ಸ್ಥಳೀಯ ಸಮಿತಿಗಳಿಗಿಂತ ಹತ್ತಿರದ ವ್ಯವಸ್ಥೆ ನಮ್ಮಲ್ಲಿಲ್ಲ.

ವಿರೋಧ

ನಾಗನನ್ನು ಪೂಜಿಸುವ ನಾಗಬನದ ಸುರಹೊನ್ನೆ, ರೆಂಜೆ, ಧೂಪದ ಮರಗಳು ಮತ್ತು ಅವುಗಳಿಗೆ ಸುತ್ತಿಕೊಂಡ ಬೀಳುಗಳು (ಕಾಡುಬಳ್ಳಿಗಳು) ಇಷ್ಟು ಕಾಲ ಬದುಕಿದ್ದು ಯಾವ ಪುಸ್ತಕದ ಬಲದಿಂದಲೂ ಅಲ್ಲ. ಬನದೊಳಗೆ ಕತ್ತಿ ಒಯ್ಯಬಾರದು, ಬಿದ್ದ ಕೊಂಬೆಯನ್ನೂ ಒಲೆಗೆ ತರಬಾರದು ಎಂಬ ಕಟ್ಟುಪಾಡನ್ನು ಕುಟುಂಬಗಳು ಭಯ-ಭಕ್ತಿಯಿಂದ ಪಾಲಿಸಿದ್ದರಿಂದ ಅವು ಉಳಿದವು. ಈಗ ಅದೇ ಕುಟುಂಬಗಳಲ್ಲಿ ಕೆಲವು ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸುತ್ತಿರುವುದು ಕಣ್ಣೆದುರೇ ಇದೆ. ನಾಗನಿಗೆ ನೆರಳು ಬೇಕೆಂಬ ತಿಳಿವಳಿಕೆ ಮನೆಯೊಳಗೇ ಮಾಸಿದ ಮೇಲೆ ಪಂಚಾಯಿತಿಯ ಕಪಾಟಿನಲ್ಲಿರುವ ಮರಗಳ ಪಟ್ಟಿ ಯಾರ ಕೈಯನ್ನು ತಡೆದೀತು?

ಈ ದಾಖಲಾತಿಗಳು ಆದ ರೀತಿಯನ್ನೂ ನೋಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಾಗ ದೇಶವಿಡೀ ಅವಸರ ಶುರುವಾಯಿತು. ಒಂದು ಮಳೆಗಾಲ, ಒಂದು ಬೇಸಿಗೆಯಾದರೂ ಜೊತೆಗೆ ನಡೆಯದೆ ಹಿರಿಯರ ಅರಿವು ದಕ್ಕುವಂಥದ್ದಲ್ಲ.

ಬುಟ್ಟಿ ಹೆಣೆಯುವ ಕೊರಗ ಸಮುದಾಯದವರಿಗೆ ಯಾವ ಬೀಳು ಬಲಿತಿದೆ, ಯಾವುದನ್ನು ಬಿಟ್ಟರೆ ಬುಡ ಮತ್ತೆ ಚಿಗುರುತ್ತದೆ ಎಂಬುದು ಕಾಡಿನಲ್ಲಿ ಓಡಾಡುತ್ತಲೇ ಬಂದ ವಿದ್ಯೆ. ಕಾಡಿಗೆ ಹೋಗಲು ಬಿಡದೆ ಅವರಿಂದ ಬಳ್ಳಿಗಳ ಹೆಸರು ಮಾತ್ರ ಬರೆಸಿಕೊಳ್ಳುವುದು ಅನ್ಯಾಯ. ಜೀವವೈವಿಧ್ಯವನ್ನು ಬಳಸುವ ಹಕ್ಕು ಮತ್ತು ಪಾರಂಪರಿಕ ಜ್ಞಾನದ ಮೇಲಿನ ಸಾಮುದಾಯಿಕ ಹಕ್ಕು, ಇವೆರಡನ್ನೂ 2006ರ ಅರಣ್ಯ ಹಕ್ಕು ಕಾಯ್ದೆ ಒಟ್ಟಿಗೇ ಮಾನ್ಯ ಮಾಡಿದೆ. ಆ ಹಕ್ಕುಪತ್ರ ಅವರ ಕೈ ಸೇರಲಿ. ದಾಖಲಾತಿಯಲ್ಲಿ ಏನು ಬರೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಆಮೇಲೆ ಅವರೇ ತೀರ್ಮಾನಿಸಲಿ.