ಕೇಸಿಗೆ ಸೇರಿ, ಆದರೆ ಆರ್‌ಸಿ ಫೋಟೊ ಗ್ರೂಪಿಗೆ ಹಾಕಬೇಡಿ

ಮೊನ್ನೆ ರಾತ್ರಿ ಒಂಬತ್ತೂವರೆಗೆ ನಮ್ಮ ಓಣಿಯ ರೊಟ್ಟಿ ಅಕ್ಕ ಫೋನ್ ಮಾಡಿದರು. ಮಾತೇ ಹೊರಡುತ್ತಿರಲಿಲ್ಲ. "ತಮ್ಮಾ, ಗಾಡಿ ಕೇಸಿಂದು ದುಡ್ಡು ಬಂದೈತಿ ಅಂದ್ರಪ್ಪ, ಈಗ ನೋಡಿದ್ರೆ ನನ್ನ ಅಕೌಂಟಿನಾಗಿಂದೇ ಇಪ್ಪತ್ನಾಕು ಸಾವಿರ ಹೋಗೈತಿ" ಅಂದರು. ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ.

ವಿಷಯ ಏನು ಅಂದರೆ, ಅಕ್ಕನ ಹತ್ತಿರ ಇರುವುದೂ ನನ್ನ ಹತ್ತಿರ ಇರುವುದೂ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎಲೆಕ್ಟ್ರಿಕ್ ಸ್ಕೂಟರ್. ಅವರು ಮೆಸ್ಸುಗಳಿಗೆ, ಖಾನಾವಳಿಗಳಿಗೆ ಜೋಳದ ರೊಟ್ಟಿ ಕೊಟ್ಟು ಬರುತ್ತಾರೆ. ನಾನು ಕೌಲ್‌ಬಜಾರಿನ ಜೀನ್ಸ್ ಯೂನಿಟ್‌ಗಳಿಗೆ ಬಟನ್ನು, ಜಿಪ್ಪು ಹಾಕುತ್ತೇನೆ. ತಗೊಳ್ಳುವಾಗ ಒಂದು ಚಾರ್ಜಿಗೆ 100 ಕಿಲೋಮೀಟರ್ ಅಂದಿದ್ದರು. ಎರಡನೇ ಬೇಸಿಗೆಗೆ 50 ಕೂಡ ಬರಲಿಲ್ಲ. ಬಳ್ಳಾರಿ ಬಿಸಿಲು ಗೊತ್ತಲ್ವಾ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಸೀಟಿನ ಮೇಲೆ ಒದ್ದೆ ಟವೆಲ್ ಹಾಕದೆ ಕೂರೋಕಾಗಲ್ಲ. ಆ ಬಿಸಿಲಲ್ಲಿ 38 ಪರ್ಸೆಂಟ್ ತೋರಿಸುತ್ತಿದ್ದ ಗಾಡಿ ಮುಂಡರಗಿ ಕಡೆ ಹೋಗುವಾಗ ಗಕ್ಕನೆ ನಿಂತುಬಿಟ್ಟಿತು. ಹಿಂದೆ ಲಾರಿ. ಅವತ್ತು ಬದುಕಿದ್ದೇ ದೊಡ್ಡದು. ಸರ್ವಿಸ್ ಸೆಂಟರ್‌ಗೆ ಆರು ಸಲ ಹೋದೆ, ಆರು ಸಲವೂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೀವಿ ಅಂತ ಕಳಿಸಿದರು.

ಹಾಗಾಗಿ ಎಲ್ಲರೂ ಸೇರಿ ಕೇಸು ಹಾಕೋಣ ಅಂತ ವಾಟ್ಸಾಪ್ ಗ್ರೂಪ್ ಆಯಿತು. ಹದಿನೈದು ದಿನದಲ್ಲಿ 140 ಜನ. ಲಿಂಕ್ ಸಿಕ್ಕವರೆಲ್ಲ ಒಳಗೆ. ಅದರಲ್ಲಿ ಯಾರೋ ಒಬ್ಬರು "ಕೇಸಿಗೆ ಸೇರುವವರು ಆರ್‌ಸಿ, ಆಧಾರ್ ಫೋಟೊ ಹಾಕಿ" ಅಂತ ಬರೆದರು. ಅಷ್ಟೇ ಸಾಕಾಯಿತು. ಒಬ್ಬರನ್ನು ನೋಡಿ ಒಬ್ಬರು ಹಾಕಿದರು. ನಾನೂ ಹಾಕಿದೆ, ಸುಳ್ಳು ಹೇಳಲ್ಲ. ಆಮೇಲೆ ಡಿಲೀಟ್ ಮಾಡಿದೆ, ಆದರೆ ಅಷ್ಟು ಹೊತ್ತಿಗೆ ಅದು ಎಷ್ಟು ಫೋನಿನ ಗ್ಯಾಲರಿಗೆ ಇಳಿದಿತ್ತೋ.

ಒಂದು ಸಲ ನಿಮ್ಮ ಆರ್‌ಸಿ ತೆಗೆದು ನೋಡಿ. ನಿಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಚಾಸಿ ನಂಬರ್, ಮೋಟರ್ ನಂಬರ್, ಸಾಲ ಇದ್ದರೆ ಸಾಲ ಕೊಟ್ಟವರ ಹೆಸರು. ಎಲ್ಲವೂ ಒಂದೇ ಕಾರ್ಡಿನಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಫೋನ್ ನಂಬರ್ ಹೇಗೂ ಎಲ್ಲರಿಗೂ ಕಾಣುತ್ತದೆ. ಮೋಸ ಮಾಡುವವನಿಗೆ ಇನ್ನೇನು ಬೇಕು?

ಅಕ್ಕನಿಗೆ ಫೋನ್ ಮಾಡಿದವನು ಮೊದಲು ಚಾಸಿ ನಂಬರಿನ ಕೊನೆಯ ಐದು ಅಂಕಿ ಓದಿದನಂತೆ. ಆಮೇಲೆ ಸಾಲ ಯಾವ ಫೈನಾನ್ಸ್‌ನಲ್ಲಿ ಇದೆ ಅಂತಲೂ ಹೇಳಿದ. ಅಕ್ಕ ನಂಬಿದರು. ಯಾರಾದರೂ ನಂಬುತ್ತಿದ್ದರು. "ಗ್ರಾಹಕರ ಕೋರ್ಟಿಂದ ನಿಮಗೆ 62,000 ಪರಿಹಾರ ಆಗಿದೆ, ಕ್ಲೇಮ್ ಫಾರಂ ವಾಟ್ಸಾಪ್ ಮಾಡ್ತೀನಿ, ಒತ್ತಿ" ಅಂದ. ಬಂದಿದ್ದು ಫಾರಂ ಅಲ್ಲ, ಎಪಿಕೆ ಫೈಲು. ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಆ್ಯಪ್ ಇಳಿಸುವ ಫೈಲು. ಅದು ಎಸ್‌ಎಂಎಸ್ ಓದುವ ಪರ್ಮಿಷನ್ ಕೇಳಿತು, ಅಕ್ಕ ಅಲೋ ಒತ್ತಿದರು.

ಇಲ್ಲಿ ಒಂದು ಮಾತು ಗಮನಿಸಿ. ಅಕ್ಕ ಯಾರಿಗೂ ಓಟಿಪಿ ಹೇಳಲಿಲ್ಲ. ಒಂದೇ ಒಂದು ಅಂಕಿ ಕೂಡ ಹೇಳಲಿಲ್ಲ. ಮೆಸೇಜು ಬಂದ ಹಾಗೇ ಆ ಆ್ಯಪ್ ಓದಿ ಅವನಿಗೆ ಕಳಿಸುತ್ತಿತ್ತು. "ಓಟಿಪಿ ಯಾರಿಗೂ ಹೇಳಬೇಡಿ" ಅಂತ ನಾವು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದೀವಿ, ಈಗ ಅಷ್ಟು ಸಾಲದು. ಟ್ರಾಫಿಕ್ ಚಲನ್ ಅಂತ, ಮದುವೆ ಆಮಂತ್ರಣ ಅಂತ ಬರುವ ಎಪಿಕೆಗಳದ್ದೂ ಇದೇ ಕೆಲಸ.

ನಾನು ಹೋದ ತಕ್ಷಣ ಅಕ್ಕನ ಫೋನಿನ ನೆಟ್ ಆಫ್ ಮಾಡಿ, ನನ್ನ ಫೋನಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹಚ್ಚಿದೆವು. ಬ್ಯಾಂಕಿಗೂ ಹೇಳಿ ಅಕೌಂಟ್ ಬಂದ್ ಮಾಡಿಸಿದೆವು. ಬೇಗ ಹೇಳಿದ್ದಕ್ಕೆ 9,000 ರೂಪಾಯಿ ದುಡ್ಡು ಹೋಗಿ ಸೇರಿದ ಖಾತೆಯಲ್ಲೇ ತಡೆದಿದ್ದಾರೆ, ಉಳಿದದ್ದು ಹೋಯಿತು. ರೊಟ್ಟಿ ಬಡಿದು ಕೂಡಿಟ್ಟ ದುಡ್ಡು ಅದು.

ಮರುದಿನ ಬೆಳಿಗ್ಗೆ ಗ್ರೂಪಿನಿಂದ ಅರ್ಧ ಜನ ಹೊರಗೆ ಹೋದರು. "ಕೇಸೂ ಬೇಡ, ಏನೂ ಬೇಡ" ಅಂತ. ನನಗೆ ಹೊಟ್ಟೆ ಉರಿದಿದ್ದು ಇದಕ್ಕೆ. ಕಳ್ಳ ತಗೊಂಡು ಹೋಗಿದ್ದು ಒಬ್ಬರ 24,000. ಈ ಹೆದರಿಕೆಯಿಂದ ನಾವೆಲ್ಲ ಕೈಬಿಟ್ಟರೆ ಕೆಟ್ಟ ಬ್ಯಾಟರಿ ಕೊಟ್ಟವರಿಗೆ ಲಕ್ಷಗಟ್ಟಲೆ ಉಳಿತಾಯ. ಕೇಸಿಗೆ ಸೇರಲೇಬೇಕು ಅಂತ ನಾನು ಈಗಲೂ ಹೇಳ್ತೀನಿ. ಆದರೆ ಕೇಸಿಗೆ ನಿಜವಾಗಿ ಏನು ಬೇಕು ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲ ಅಂತಲೇ ನಾವು ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ಕೊಡುತ್ತೀವಿ.

ವಕೀಲರ ಹತ್ತಿರ ಕೂತು ತಿಳಿದುಕೊಂಡಿದ್ದನ್ನು ಬರೀತೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ನಿನಲ್ಲಿ, ಒಂದೇ ತೊಂದರೆ ಇರುವ ಎಲ್ಲ ಗ್ರಾಹಕರ ಪರವಾಗಿ ಒಬ್ಬರೋ ಕೆಲವರೋ ದೂರು ಕೊಡಬಹುದು. ಆದರೆ ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗದ, ಅಂದರೆ ನಾವು ಗ್ರಾಹಕರ ಕೋರ್ಟ್ ಅನ್ನುವುದರ, ಅನುಮತಿ ಬೇಕು, ಆಮೇಲೆ ಉಳಿದವರಿಗೆ ಗೊತ್ತಾಗುವ ಹಾಗೆ ನೋಟಿಸ್ ಹೊರಡಬೇಕು, ಸಾಮಾನ್ಯವಾಗಿ ಪೇಪರಿನಲ್ಲಿ ಪ್ರಕಟಣೆ. ಇದು ದೊಡ್ಡ ದಾರಿ. ಇನ್ನೊಂದು ದಾರಿಯಲ್ಲಿ, ನಾವು ನಾಲ್ಕಾರು ಜನ ನಮ್ಮ ನಮ್ಮ ಪರವಾಗಿ ಮಾತ್ರ ಸೇರಿ ಜಂಟಿಯಾಗಿ ದೂರು ಕೊಡುವುದು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಕೇಸಿನಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಡ್ಡಿಯಿಲ್ಲ ಅಂದಿದೆ. ನಾವು 11 ಜನ ಈ ಎರಡನೇ ದಾರಿ ಹಿಡಿದಿದ್ದೀವಿ. ನನ್ನ ಅಭಿಪ್ರಾಯದಲ್ಲಿ ನಮ್ಮಂಥ ಊರಿಗೆ ಇದೇ ಒಳ್ಳೆಯದು. ಹನ್ನೊಂದು ಜನರೂ ಮುಖ ನೋಡಿದವರು, ಹೆಸರು ಹಿಡಿದು ಕರೆಯುವವರು.

ಬೆಂಗಳೂರಿಗೆ, ದಿಲ್ಲಿಗೆ ಓಡುವ ಹಾಗೂ ಇಲ್ಲ. ಶೋರೂಂ, ಕಂಪನಿ ಎಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿಗೆ ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಫೀಸೇ ಇಲ್ಲ. 10 ಲಕ್ಷ ದಾಟಿ 20 ಲಕ್ಷದವರೆಗೆ ಬರೀ 400 ರೂಪಾಯಿ, ನಮ್ಮ 11 ಗಾಡಿಗಳ ಬೆಲೆ ಕೂಡಿಸಿದರೂ ಅದರೊಳಗೇ ಬರುತ್ತದೆ. ಗ್ರೂಪಿನಲ್ಲಿ ಒಬ್ಬನು ಕೇಸಿಗೆ ಸೇರಲು ತಲೆಗೆ 1,500 "ರಿಜಿಸ್ಟ್ರೇಷನ್ ಫೀಸು" ಕೇಳುತ್ತಿದ್ದ, ಈಗ ಲೆಕ್ಕ ಹಾಕಿ. ವಕೀಲರ ಫೀಸು ಬೇರೆ, ಅದನ್ನು ವಕೀಲರ ಕೈಗೇ ಕೊಟ್ಟು ರಸೀದಿ ತಗೊಳ್ಳಿ.

ಅಕ್ಕನಿಗೆ ಯಾರೋ "ನೀವು ವ್ಯಾಪಾರಕ್ಕೆ ಗಾಡಿ ಬಳಸ್ತೀರಿ, ನೀವು ಗ್ರಾಹಕರೇ ಅಲ್ಲ" ಅಂತ ಹೆದರಿಸಿದ್ದರು. ಅದೂ ತಪ್ಪು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಬಳಸುವವರು ಗ್ರಾಹಕರೇ ಅಂತ ಕಾಯ್ದೆಯಲ್ಲೇ ಬರೆದಿದೆ.

ಇನ್ನು ಕಾಗದಪತ್ರ. ಗಾಡಿಯ ಬಿಲ್ಲು, ಆರ್‌ಸಿ ಜೆರಾಕ್ಸು, ವಾರಂಟಿ ಪುಸ್ತಕ, ಪ್ರತಿ ಸರ್ವಿಸಿನ ಜಾಬ್ ಕಾರ್ಡು, ಕಂಪನಿಗೆ ನೀವು ಕಳಿಸಿದ ಮೇಲ್ ಅಥವಾ ಪತ್ರ. ಕೇಸಿನ ಜೀವ ಇರುವುದು ಜಾಬ್ ಕಾರ್ಡಿನಲ್ಲಿ. ಗಾಡಿ ಬಿಟ್ಟ ದಿನ, ನೀವು ಹೇಳಿದ ದೂರು, ಅವರು ಮಾಡಿದ ಕೆಲಸ, ಮೂರೂ ಅದರಲ್ಲಿ ಇರುತ್ತವೆ. "ಜನರಲ್ ಚೆಕಪ್" ಅಂತ ಬರೆದರೆ ಸಹಿ ಮಾಡಬೇಡಿ, "ಚಾರ್ಜ್ ಇದ್ದರೂ ಗಾಡಿ ನಿಲ್ಲುತ್ತದೆ" ಅಂತಲೇ ಬರೆಸಿ. ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡು, ಪ್ಯಾನ್ ಯಾವುದನ್ನೂ ನಮ್ಮ ವಕೀಲರು ಕೇಳಲಿಲ್ಲ. ಗುರುತಿಗೆ ನಾನು ವೋಟರ್ ಐಡಿ ಕೊಟ್ಟೆ. ಆಧಾರೇ ಬೇಕು ಅಂದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಸಿಗುತ್ತದೆ. ಜೆರಾಕ್ಸ್ ಮೇಲೆ "ಗಾಡಿ ಕೇಸಿಗೆ ಮಾತ್ರ" ಅಂತ ಅಡ್ಡ ಬರೆದು ತಾರೀಖು ಹಾಕಿ ಸಹಿ ಮಾಡಿ. ಖಾಲಿ ಹಾಳೆಗೆ ಮಾತ್ರ ಯಾರು ಹೇಳಿದರೂ ಸಹಿ ಬೇಡ.

ಜೆರಾಕ್ಸ್ ಅಂದಾಗ ನೆನಪಾಯಿತು. ಹೋದ ತಿಂಗಳು ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆ. ಬಿಚ್ಚಿದರೆ ಒಳಗಿನ ಹಾಳೆ ಯಾರದೋ ಆಧಾರ್ ಕಾರ್ಡಿನ ಜೆರಾಕ್ಸು. ಎಣ್ಣೆ ಹೀರಿ ಹಾಳೆ ಪಾರದರ್ಶಕ ಆಗಿತ್ತು, ಆದರೂ ಹನ್ನೆರಡು ಅಂಕಿಯೂ ನಿಚ್ಚಳವಾಗಿ ಕಾಣುತ್ತಿದ್ದವು. ಒಬ್ಬ ಅಜ್ಜಿಯ ಫೋಟೊ. ಸರಿಯಾಗಿ ಬರದ ಕಾಪಿ ಅಂಗಡಿಯ ಬುಟ್ಟಿಗೆ, ಬುಟ್ಟಿಯಿಂದ ರದ್ದಿಗೆ, ರದ್ದಿಯಿಂದ ಮಿರ್ಚಿ ಬಂಡಿಗೆ. ಕೆಟ್ಟ ಕಾಪಿಯನ್ನೂ ಕೇಳಿ ತಗೊಂಡು ಬನ್ನಿ.

ಆನ್‌ಲೈನ್ ದೂರಿಗೆ ಸರ್ಕಾರದ ಇ-ಜಾಗೃತಿ ಪೋರ್ಟಲ್ 2025ರ ಜನವರಿ 1ರಿಂದ ಇದೆ. ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಯಾರೋ ಕಳಿಸಿದ ಲಿಂಕ್ ಒತ್ತಿ ಅಲ್ಲ. ಕೊನೆಯಲ್ಲಿ .gov.in ಇದೆಯಾ ನೋಡಿ. ಸುಮ್ನೆ ಸಲಹೆ ಬೇಕು ಅಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದುಡ್ಡು ಬಂದಿದೆ ಅಂತ ಫೋನ್ ಬಂದರೆ ಇಟ್ಟುಬಿಡಿ, ಇಟ್ಟು ನಿಮ್ಮ ವಕೀಲರಿಗೆ ನೀವೇ ಮಾಡಿ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಒತ್ತುವ ಕೆಲಸವೇ ಇಲ್ಲ.

ಎರಡು ವರ್ಷದ ಗಡುವು ಮರೆಯಬೇಡಿ. ತಕರಾರು ಶುರುವಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನಮ್ಮಲ್ಲಿ ಮೂವರಿಗೆ ಇನ್ನು ನಾಲ್ಕು ತಿಂಗಳು ಮಾತ್ರ ಉಳಿದಿದೆ.

ಹಳೆಯ ಗ್ರೂಪ್ ಮುಚ್ಚಿದೆವು. ಹೊಸದರಲ್ಲಿ ಅಡ್ಮಿನ್ ಒಪ್ಪಿದರೆ ಮಾತ್ರ ಒಳಗೆ ಬರಬಹುದು, ಫೋಟೊ ಹಾಕುವಂತಿಲ್ಲ, ಭೇಟಿಯ ದಿನ ಮತ್ತು ಟೈಮು ಅಷ್ಟೇ ಬರೆಯುವುದು. ಅಕ್ಕ ಇನ್ನೂ ನಮ್ಮ ಜೊತೆ ಇದ್ದಾರೆ. "ಹೋಗಿದ್ದು ಹೋತು, ಗಾಡಿದು ಬಿಡಾಂಗಿಲ್ಲ" ಅಂದರು. ಭಾನುವಾರ ಸಂಜೆ ಐದಕ್ಕೆ ಅವರ ಮನೆ ಕಟ್ಟೆ ಮೇಲೆ ಸೇರುತ್ತೀವಿ. ಸಿರುಗುಪ್ಪ, ಕುರುಗೋಡು ಕಡೆಯವರು ಇದೇ ತೊಂದರೆ ಪಡುತ್ತಿದ್ದರೆ ನಮ್ಮಲ್ಲಿ ಯಾರನ್ನಾದರೂ ಮುಖತಃ ಬಲ್ಲವರ ಜೊತೆ ಬನ್ನಿ. ಬಿಲ್ಲು ಮತ್ತು ಜಾಬ್ ಕಾರ್ಡು ಸಾಕು.