ಹೆತ್ತವರ ಮಾತು ಮೀರಿದ ಸೂಪರ್‌ಮ್ಯಾನ್ ಪರವಾಗಿ

2025ರ ಜುಲೈನಲ್ಲಿ ಬಂದ ನಿರ್ದೇಶಕ ಜೇಮ್ಸ್ ಗನ್ ಅವರ ಸೂಪರ್‌ಮ್ಯಾನ್ ಸಿನಿಮಾ ಮೇಲೆ ಹಳೇ ಅಭಿಮಾನಿಗಳ ಸಿಟ್ಟು ಇನ್ನೂ ಇಳಿದಿಲ್ಲ. ಹಿಂದೆ ಸೂಪರ್‌ಮ್ಯಾನ್ ಆಗಿದ್ದ ನಟ ಹೆನ್ರಿ ಕ್ಯಾವಿಲ್‌ನನ್ನು ಯಾಕೆ ತೆಗೆದರು, ಹೀರೋ ಇಷ್ಟು ಏಟು ಯಾಕೆ ತಿನ್ನಬೇಕು, ಆ ಕೆಂಪು ಚಡ್ಡಿ ಮತ್ತೆ ಯಾಕೆ ಬಂತು ಅಂತ ಕೇಳುತ್ತಲೇ ಇದ್ದಾರೆ. ಇವೆಲ್ಲ ಸಣ್ಣ ತಕರಾರು, ಬಿಡಿ. ದೊಡ್ಡ ತಕರಾರು ಸೂಪರ್‌ಮ್ಯಾನ್‌ನ ಹೆತ್ತವರನ್ನು ಕೆಟ್ಟವರನ್ನಾಗಿ ಮಾಡಿದ್ದರ ಬಗ್ಗೆ. ನನಗೆ ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದೇ ಅದು.

ನೋಡದವರಿಗೆ ಹೇಳಿಬಿಡುತ್ತೇನೆ. ಕ್ರಿಪ್ಟಾನ್ ಗ್ರಹ ನಾಶವಾಗುವ ಹೊತ್ತಿಗೆ ಅಪ್ಪ ಜೋರ್-ಎಲ್, ಅವ್ವ ಲಾರಾ ತಮ್ಮ ಕೂಸನ್ನು ಭೂಮಿಗೆ ಕಳಿಸುತ್ತಾರೆ. ಜೊತೆಗೆ ಒಂದು ಸಂದೇಶವನ್ನೂ ಇಡುತ್ತಾರೆ. ದಾರಿಯಲ್ಲಿ ಅದರ ಅರ್ಧ ಹಾಳಾಗಿದೆ. ಉಳಿದ ಅರ್ಧದಲ್ಲಿ ಇರುವುದು ಬರೀ ಪ್ರೀತಿ, ಅಲ್ಲಿ ಹೋಗಿ ಒಳ್ಳೆಯದು ಮಾಡು ಅನ್ನುವ ಹಾರೈಕೆ. ಸಿನಿಮಾದ ಶುರುವಿನಲ್ಲೇ ಸೂಪರ್‌ಮ್ಯಾನ್ ಮೂಳೆ ಮುರಿದುಕೊಂಡು ಹಿಮದ ನಡುವಿನ ತನ್ನ ಮನೆಗೆ ಬರುತ್ತಾನೆ. ರೋಬೋಗಳು ಅವನನ್ನು ಮಲಗಿಸಿ ಬಿಸಿಲು ಹಾಯಿಸುತ್ತವೆ. ನೋವು ತಡೆಯಲಿ ಅಂತ ಆ ಅರ್ಧ ಸಂದೇಶ ಹಾಕುತ್ತವೆ. ಆಮೇಲೆ ಖಳನಾಯಕ ಲೆಕ್ಸ್ ಲೂಥರ್ ಹಾಳಾಗಿದ್ದ ಅರ್ಧವನ್ನು ಹೊರತೆಗೆಸಿ ಊರಿಗೆಲ್ಲ ತೋರಿಸುತ್ತಾನೆ. ಅಲ್ಲಿನ ಜನ ದುರ್ಬಲರು, ಅವರನ್ನು ಆಳು, ಹಲವು ಹೆಂಡಿರನ್ನು ಮಾಡಿಕೊಂಡು ನಮ್ಮ ವಂಶ ಬೆಳೆಸು ಅಂತ ಅದರಲ್ಲಿದೆ. ನಿನ್ನೆವರೆಗೂ ಚಪ್ಪಾಳೆ ತಟ್ಟಿದ ಜನ ಒಂದೇ ದಿನದಲ್ಲಿ ತಿರುಗಿಬೀಳುತ್ತಾರೆ.

ಅದು ಲೂಥರ್‌ನ ಕೈವಾಡ ಅಂತ ಕೊನೆಗೆ ಗೊತ್ತಾಗಬಹುದು ಅಂತ ಅಭಿಮಾನಿಗಳು ಕಾದರು. ಹಾಗೆ ಆಗಲಿಲ್ಲ. ಸಂದೇಶ ನಿಜವೇ. ಊರಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದಾಗ ಅವನದೂ ಇದೇ ಮಾತು: "ಅಣ್ಣಾ, ಹಡೆದ ಅಪ್ಪ-ಅವ್ವನ್ನ ಕೆಟ್ಟೋರ್ ಮಾಡ್ಯಾರಲ್ಲ, ಇದ್ ಎಂಥಾ ಸೂಪರ್‌ಮ್ಯಾನ್?" ನಾನು ಇರುವುದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಅವನು ಬಳ್ಳಾರಿ ಜಿಲ್ಲೆಯ ನಮ್ಮ ಕಂಪ್ಲಿಯಲ್ಲಿ. ಆದರೂ ಆ ದಿನ ಆಫೀಸಿನಲ್ಲಿ ಕೇಳಿದ ಮಾತಿಗೂ ಅವನ ಮಾತಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಕ್ಲೀವ್‌ಲ್ಯಾಂಡ್ ಜನರಿಗೆ ಸೂಪರ್‌ಮ್ಯಾನ್ ಅಂದರೆ ಊರಿನ ಹುಡುಗ. ಜೆರ್ರಿ ಸೀಗಲ್, ಜೋ ಶೂಸ್ಟರ್ ಅನ್ನುವ ಇಬ್ಬರು ಗೆಳೆಯರು ಅವನನ್ನು ಸೃಷ್ಟಿಸಿದ್ದು ಇಲ್ಲಿನ ಗ್ಲೆನ್‌ವಿಲ್ ಬಡಾವಣೆಯಲ್ಲಿ. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನದವರು. ಶೂಸ್ಟರ್ ಅಂತೂ ಹುಟ್ಟಿದ್ದೇ ಕೆನಡಾದಲ್ಲಿ. ಈ ಹೊಸ ಸಿನಿಮಾದ ಶೂಟಿಂಗ್ ಕೂಡ 2024ರಲ್ಲಿ ಇಲ್ಲಿನ ಬೀದಿಗಳಲ್ಲೇ ಆಯಿತು. ಇಲ್ಲಿನ ಅಭಿಮಾನಿಗಳು ಕಾಮಿಕ್ಸ್ ಓದುವ ಶ್ರದ್ಧೆ ನೋಡಿದರೆ ಗೌರವ ಬರುತ್ತದೆ. ಯಾವ ಸಂಚಿಕೆಯಲ್ಲಿ ಯಾವ ಘಟನೆ ಅಂತ ಬಾಯಲ್ಲೇ ಹೇಳುತ್ತಾರೆ. ಆದರೆ ಅದೇ ಶ್ರದ್ಧೆ ಎಷ್ಟೋ ಸಲ ಬೇಲಿ ಆಗಿಬಿಡುತ್ತದೆ. ಹೊಸ ಸಿನಿಮಾ ಬಂದ ಕೂಡಲೇ ಅವರ ಮೊದಲ ಪ್ರಶ್ನೆ, ಇದು ಮೂಲದಲ್ಲಿ ಇದೆಯಾ ಅನ್ನೋದು.

ಮೂಲ ಯಾವುದು? ಗ್ಲೆನ್‌ವಿಲ್‌ನಲ್ಲಿ ಸೀಗಲ್ ಮನೆ ಇನ್ನೂ ಇದೆ. ಶೂಸ್ಟರ್ ಇದ್ದ ಕಟ್ಟಡ ಇಲ್ಲ. ಆ ಜಾಗದ ಬೇಲಿಗೆ 1938ರ ಮೊದಲ ಕಥೆಯ ಪುಟಗಳನ್ನು ದೊಡ್ಡದು ಮಾಡಿ ಹಾಕಿದ್ದಾರೆ. ನಿಂತು ಓದಿ ನೋಡಿ. ಆ ಸೂಪರ್‌ಮ್ಯಾನ್ ಹಾರುವುದಿಲ್ಲ, ಒಂದು ಫರ್ಲಾಂಗ್ ದೂರ ಜಿಗಿಯುತ್ತಾನೆ. ಅವನ ಗ್ರಹಕ್ಕೆ ಹೆಸರಿಲ್ಲ. ಅಪ್ಪ ಒಬ್ಬ ವಿಜ್ಞಾನಿ, ಅವನಿಗೂ ಹೆಸರಿಲ್ಲ. ಅವ್ವನ ಸುದ್ದಿಯೇ ಇಲ್ಲ. ಸಾಕಿದ ಕೆಂಟ್ ದಂಪತಿಯೂ ಇಲ್ಲ. ದಾರಿಯಲ್ಲಿ ಹೋಗುವ ಯಾರೋ ಕೂಸನ್ನು ಎತ್ತಿಕೊಂಡು ಅನಾಥಾಲಯಕ್ಕೆ ಕೊಡುತ್ತಾರೆ, ಅಷ್ಟೇ. ಹೆತ್ತವರ ಹೆಸರು, ಸಾಕಿದವರು, ಹಾರಾಟ ಎಲ್ಲ ಆಮೇಲೆ ಒಂದೊಂದಾಗಿ ಸೇರಿದ್ದು. ಅಪ್ಪ ದೇವರ ಹಾಗೆ ಸಂದೇಶದಲ್ಲಿ ಬಂದು ಮಗನಿಗೆ ದಾರಿ ತೋರಿಸುವುದು ನಮ್ಮೆಲ್ಲರ ತಲೆಯಲ್ಲಿ ಕೂತಿದ್ದು 1978ರ ಸಿನಿಮಾದಿಂದ. ಮಾರ್ಲನ್ ಬ್ರಾಂಡೋ ಆ ಪಾತ್ರ ಮಾಡಿದ್ದರು.

ಇನ್ನು ಕ್ಯಾವಿಲ್ ಸಿನಿಮಾನೇ ನಿಜವಾದದ್ದು ಅನ್ನುವವರಿಗೆ 2013 ನೆನಪಿರಲಿ. ಅದರಲ್ಲಿ ಸೂಪರ್‌ಮ್ಯಾನ್ ಕೊನೆಗೆ ಖಳನಾಯಕ ಜೋಡ್‌ನ ಕತ್ತು ಮುರಿಯುತ್ತಾನೆ. ನಮ್ಮ ಸೂಪರ್‌ಮ್ಯಾನ್ ಕೊಲ್ಲೋದಿಲ್ಲ ಅಂತ ಆಗ ಎದ್ದ ಗಲಾಟೆ ಕಡಿಮೆಯದಲ್ಲ. ಈಗ ಅದೇ ಸಿನಿಮಾವನ್ನು ಮುಂದಿಟ್ಟುಕೊಂಡು ಹೊಸದನ್ನು ಅಳೆಯುತ್ತಿದ್ದಾರೆ.

ತಮ್ಮನಿಗೆ ನಾನು ಕುಮಾರರಾಮನ ಮಾತು ತೆಗೆದೆ. ಕಂಪ್ಲಿಯವರಿಗೆ ಅವನಿಗಿಂತ ದೊಡ್ಡ ಹೀರೋ ಯಾರು? ನದಿ ದಾಟಿದರೆ ಕೊಪ್ಪಳ ಜಿಲ್ಲೆ, ಅಲ್ಲೇ ಅವನ ಕುಮ್ಮಟದುರ್ಗ. ಚರಿತ್ರೆ ಹೇಳೋದು ಇಷ್ಟು: ದೆಹಲಿ ಸುಲ್ತಾನನ ವಿರುದ್ಧ ದಂಗೆ ಎದ್ದ ಬಹಾವುದ್ದೀನನಿಗೆ ರಾಮನ ಅಪ್ಪ, ರಾಜ ಕಂಪಿಲರಾಯ ಆಶ್ರಯ ಕೊಟ್ಟ, 1327ರ ಸುಮಾರಿಗೆ ದೆಹಲಿ ಸೈನ್ಯ ಬಂದು ರಾಜ್ಯ ಮುಗಿಸಿತು. ಸುಮಾರು 200 ವರ್ಷ ಆದಮೇಲೆ ನಂಜುಂಡ ಕವಿ ರಾಮನ ಕಥೆಯನ್ನು ಸಾಂಗತ್ಯ ಅನ್ನುವ ಹಾಡುಗಬ್ಬದಲ್ಲಿ ಬರೆದ. ಅದರಲ್ಲಿ ಚಿಕ್ಕಮ್ಮ ರತ್ನಾಜಿ ಇದ್ದಾಳೆ. ಅವಳ ಅಂತಃಪುರಕ್ಕೆ ಬಿದ್ದ ಚೆಂಡು ಇದೆ, ರಾಮನ ಮೇಲೆ ಅವಳ ಆಸೆ ಇದೆ, ಸುಳ್ಳು ದೂರು ಇದೆ. ಅದನ್ನು ನಂಬಿ ಮಗನ ತಲೆ ತೆಗೆಯಿರಿ ಅಂತ ಹೇಳುವ ಅಪ್ಪ ಇದ್ದಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ಪಾಂಚಾಳ ಗಂಗನೂ ಇದೇ ಕಥೆಯನ್ನು ತನ್ನ ರೀತಿಯಲ್ಲಿ ಹೇಳಿದ. ಹಾಡುವವರು ಊರೂರಿಗೆ ಬೇರೆ ಬೇರೆ ಹೇಳಿದರು.

ಇಲ್ಲಿ ಒಂದು ಸಂಗತಿ ಗಮನಿಸಿ. ಆಶ್ರಯ ಬೇಡಿ ಬಂದವನಿಗಾಗಿ ರಾಜ್ಯವನ್ನೇ ಕಳೆದುಕೊಂಡ ಕಂಪಿಲರಾಯನನ್ನು ಕವಿಗಳು ಹೆಂಡತಿ ಮಾತು ಕೇಳಿ ಮಗನನ್ನು ಕೊಲ್ಲಿಸಹೊರಟ ಅಪ್ಪನನ್ನಾಗಿ ಮಾಡಿದರು. ಕುಮಾರರಾಮನ ಗುಡಿಗೆ ಕಾಯಿ ಒಡೆಯುವ ಜನ ಅದನ್ನು ತಪ್ಪು ಅಂತ ಅನ್ನಲಿಲ್ಲ. ಅಪ್ಪ ಹಾಗೆ ಮಾಡಿದ್ದರಿಂದಲೇ ಮಗ ಏನು ಅಂತ ಗೊತ್ತಾಯಿತು. ಕೊಲ್ಲಿಸಹೊರಟ ಅಪ್ಪನ ರಾಜ್ಯಕ್ಕೋಸ್ಕರವೇ ರಾಮ ನೆಲಮನೆಯಿಂದ ಎದ್ದು ಬಂದು ಕಾದಾಡಿದ. ಗನ್ ಮಾಡಿದ್ದೂ ಇದನ್ನೇ ಅಲ್ವಾ? ಅಪ್ಪ ಒಳ್ಳೆಯದು ಮಾಡು ಅಂದ, ಮಗ ಮಾಡಿದ ಅಂದರೆ ಅದು ವಿಧೇಯತೆ. ಆಳು ಅಂದರೂ ಆಳದೆ, ಜನ ಬೈದರೂ ಅವರನ್ನೇ ಉಳಿಸಿದ ಅಂದರೆ ಆ ಒಳ್ಳೆಯತನ ಪೂರ್ತಿ ಅವನದೇ.

ನಮ್ಮ ಕಡೆ ದೊಡ್ಡಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ನೀವು ಯಾರು ಅಂತ ಕೇಳುತ್ತಾನೆ. ಭೀಮ ಬಂದರೂ ಕೇಳುತ್ತಾನೆ, ದುರ್ಯೋಧನ ಬಂದರೂ ಕೇಳುತ್ತಾನೆ. ಕಿರೀಟ, ಭುಜಕೀರ್ತಿ ನೋಡಿದರೆ ಯಾರು ಅಂತ ಎಲ್ಲರಿಗೂ ಗೊತ್ತು. ಆದರೂ ವೇಷಧಾರಿ ತನ್ನ ಬಾಯಿಂದಲೇ ಹೇಳಬೇಕು. ರಾತ್ರಿಯೆಲ್ಲ ಕೂತು ನೋಡುವವರಿಗೆ ಕಥೆ ಮೊದಲೇ ಗೊತ್ತು. ಅವರು ನೋಡುವುದು ಈ ಊರಿನ ಭೀಮ ಹೇಗೆ ನಿಂತ, ಹೇಗೆ ಅಂದ ಅನ್ನುವುದನ್ನು. ಹೋದ ವರ್ಷದ ಭೀಮನ ಹಾಗಿಲ್ಲ ಅಂತ ಯಾರೂ ಎದ್ದು ಹೋಗುವುದಿಲ್ಲ. ಸಿನಿಮಾ ಟಾಕೀಸಿಗೆ ಬಂದರೆ ನಮ್ಮವರೂ ಜಗಳ ಆಡುತ್ತಾರೆ, ಅದು ಬೇರೆ ಮಾತು. ಅಲ್ಲಿ ಜಗಳ ನಟನಿಗಾಗಿ, ಕಥೆಗಾಗಿ ಅಲ್ಲ.

ಸಿನಿಮಾದಲ್ಲಿ ಸೋತು ಕುಸಿದ ಕ್ಲಾರ್ಕ್‌ನನ್ನು (ಸೂಪರ್‌ಮ್ಯಾನ್‌ಗೆ ಸಾಕಿದವರು ಇಟ್ಟ ಹೆಸರು) ಕ್ಯಾನ್ಸಾಸ್‌ನ ಹೊಲದ ಮನೆಗೆ ಕರೆತರುತ್ತಾರೆ. ಸಾಕಿದ ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಾನೆ, ಮಕ್ಕಳು ಏನಾಗಬೇಕು ಅಂತ ಹೇಳುವುದು ಹೆತ್ತವರ ಕೆಲಸ ಅಲ್ಲ, ನೀನು ಮಾಡುವ ಆಯ್ಕೆಗಳೇ ನೀನು ಅಂತ. ಅವನದು ದೊಡ್ಡ ಭಾಷಣವೇನಲ್ಲ, ಹೊಲದ ಮನುಷ್ಯನ ತಡವರಿಸುವ ಮಾತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಜಾಸ್ತಿ ತಟ್ಟುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ನಾವೂ ದಿನಾ ಸಂದೇಶ ಕೊಡುತ್ತಲೇ ಇರುತ್ತೇವೆ. ಹೀಗಿರು, ಇದನ್ನು ಓದು, ಇವರನ್ನು ಮದುವೆಯಾಗು. ನಮ್ಮ ಅರ್ಧ ಮಾತು ಪ್ರೀತಿ, ಇನ್ನರ್ಧ ಏನು ಅಂತ ಅವರು ದೊಡ್ಡವರಾದ ಮೇಲೆ ಕೇಳಿಸಿಕೊಳ್ಳುತ್ತಾರೆ.

ಸಿನಿಮಾದಲ್ಲಿ ತಪ್ಪೇ ಇಲ್ಲ ಅಂತಲ್ಲ. ಪಾತ್ರಗಳ ಗುಂಪು ಜಾಸ್ತಿಯಾಯಿತು. ಲೂಥರ್‌ನ ಆ ಗುಪ್ತಲೋಕದ ಸೆರೆಮನೆಯ ಭಾಗ ಸುಮ್ನೆ ಎಳೆದಿದ್ದಾರೆ. ಅದನ್ನು ಯಾರಾದರೂ ಬೈದರೆ ನಾನೂ ಸೇರಿಕೊಳ್ಳುತ್ತೇನೆ. ತಮ್ಮನಿಗೆ ಇನ್ನೊಂದು ಮಾತೂ ಹೇಳಿದೆ. ಭಾರತದಲ್ಲಿ ಸೆನ್ಸಾರ್ ಮಂಡಳಿ ಸೂಪರ್‌ಮ್ಯಾನ್ ಮತ್ತು ಅವನ ಪ್ರೇಯಸಿ ಲೋಯಿಸ್ ಮುತ್ತಿನ ದೃಶ್ಯದಲ್ಲಿ 33 ಸೆಕೆಂಡ್ ಕತ್ತರಿಸಿತ್ತು. ಹೆತ್ತವರು ಬರೆದಿಟ್ಟ ಹಣೆಬರಹ ಬಿಟ್ಟು ಒಬ್ಬ ಹುಡುಗ ತನಗೆ ಬೇಕಾದವಳನ್ನು ಅಪ್ಪಿಕೊಳ್ಳುವ ಜಾಗ ಅದು. ಅದಕ್ಕೆ ಸಿಟ್ಟು ಮಾಡು ತಮ್ಮಾ, ನಿನ್ನ ಜೊತೆ ನಾನೂ ಮಾಡುತ್ತೇನೆ.